ಊಟ ಹಾಕಿದವರ ಭೂಗೋಳ

ನನ್ನ ಗಂಡ ಭೂಗೋಳದ ಮಾಸ್ಟ್ರು. ಸಮುದ್ರ ಕಣ್ಣೆದುರಿಗೇ ಹೊಡೆದುಕೊಳ್ಳುತ್ತಿರುವಾಗ ಪಶ್ಚಿಮ ಯಾವ ಕಡೆ ಎಂದು ಜೇಬಿನಿಂದ ದಿಕ್ಸೂಚಿಯ ಡಬ್ಬಿ ತೆಗೆದು ನೋಡುವ ಮನುಷ್ಯ. ಮಂಗಳೂರಿನಲ್ಲಿ ಅಂಬೆಗಾಲಿಡುವ ಮಗುವಿಗೂ ಪಶ್ಚಿಮ ಗೊತ್ತು. ಅಂಥ ಊರಿನಲ್ಲಿ ಇವರು ಡಬ್ಬಿಯ ಮುಚ್ಚಳ ಎತ್ತಿ, ಕನ್ನಡಕವನ್ನು ಮೂಗಿನ ತುದಿಗೆ ಜಾರಿಸಿ, "ಹೂಂ, ಸರಿಯಾಗಿಯೇ ಉಂಟು" ಎಂದು ಸಮುದ್ರಕ್ಕೆ ಸರ್ಟಿಫಿಕೇಟು ಕೊಡುತ್ತಿದ್ದರು. ಗಂಡನ ಹೆಸರು ಹೆಂಡತಿಯ ಬಾಯಲ್ಲಿ ಬರಬಾರದ ಕಾಲ; ನಾನೂ ಮನೆಯಲ್ಲಿ ಮಾಸ್ಟ್ರು ಎಂದೇ ಕರೆಯುತ್ತಿದ್ದೆ. ಅವರಿಗೂ ಅದೇ ಇಷ್ಟ. ಬೇರೆ ಹೆಸರಿನಿಂದ ಕರೆದರೆ ತಿರುಗಿ ನೋಡುತ್ತಿದ್ದರೋ ಇಲ್ಲವೋ.

ಎರಡನೆಯ ಯುದ್ಧಕ್ಕೆ ಕೆಲವು ವರ್ಷ ಮುಂಚಿನ ಮಾತು. ನಾವು ಕೊಟ್ಟಾರದಲ್ಲಿ ಬಾಡಿಗೆಗಿದ್ದೆವು. ಆಗಿನ ಕೊಟ್ಟಾರ ಎಂದರೆ ಗದ್ದೆ, ತೆಂಗು, ನಡುನಡುವೆ ಒಂದೊಂದು ಹಂಚಿನ ಮನೆ. ಸಣ್ಣ ತರಗತಿಯ ಮಕ್ಕಳಿಗೆ ನಮ್ಮ ತಾಲೂಕಿನ ನೆಲ, ಹೊಳೆ, ಗುಡ್ಡ, ಜನ ಇವುಗಳ ಮೇಲೆ ಒಂದು ಪುಸ್ತಕ ಬೇಕೆಂದು ಶಾಲೆಗಳನ್ನು ನೋಡಿಕೊಳ್ಳುವ ಬೋರ್ಡಿನವರಿಗೆ ಅನ್ನಿಸಿತು. ಬರೆಯುವ ಕೆಲಸ ನಮ್ಮ ಮಾಸ್ಟ್ರಿಗೆ ಬಂತು. ಅವತ್ತಿನಿಂದ ಅವರ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ನೆಲದ ವಿಷಯ ಬರೆಯಬೇಕಾದವರು!

ಪುಸ್ತಕದ ಜೊತೆಗೆ ಬೋರ್ಡಿನವರು ಇನ್ನೊಂದು ಮಾತು ಹೇಳಿದ್ದರು. ತಾಲೂಕಿನಲ್ಲಿ ಒಂದು ಹೊಸ ಹೆಣ್ಣುಮಕ್ಕಳ ಶಾಲೆ ತೆರೆಯುವುದು; ಯಾವ ಊರು ಈಗಿರುವ ಶಾಲೆಗಳಿಂದ ಎಲ್ಲಕ್ಕಿಂತ ದೂರವೋ ಅಲ್ಲಿಗೆ ಅದನ್ನು ಕೊಡುವುದು; ಆ ಊರು ಯಾವುದೆಂದು ಮಾಸ್ಟ್ರ ಪುಸ್ತಕ ನೋಡಿಯೇ ತೀರ್ಮಾನಿಸುವುದು. ಇದನ್ನು ಕೇಳಿದ ಮೇಲೆ ನನಗೆ ಕೂತಲ್ಲಿ ಕೂರಲಾಗಲಿಲ್ಲ.

ಯಾಕೆಂದರೆ ಆ ಊರು ನನ್ನ ತವರು. ಅದರಲ್ಲಿ ಎಳ್ಳಷ್ಟೂ ಸಂಶಯವಿರಲಿಲ್ಲ. ಕುಲಶೇಖರದಿಂದ ಮೂಡಣಕ್ಕೆ ಹೋಗುವ ಮಾರ್ಗ ಬಿಟ್ಟು, ಹುಲ್ಲು ಕೂಡ ನೆಟ್ಟಗೆ ಬೆಳೆಯದ ಮುರಕಲ್ಲಿನ ಬೋಳುಗುಡ್ಡದ ಪದವು ಹತ್ತಿ, ಆಚೆ ಬದಿ ಇಳಿದು, ಗದ್ದೆಯ ಹುಣಿಯ ಮೇಲೆ ನಡೆದು, ಹೊಳೆಗೆ ಅಡ್ಡ ಹಾಕಿದ ಮರದ ಸಂಕ ದಾಟಿದರೆ ನಮ್ಮ ಮನೆ. ಮಳೆಗಾಲದಲ್ಲಿ ಹೊಳೆ ಆ ಸಂಕವನ್ನು ಹೊತ್ತುಕೊಂಡು ಹೋದರೆ ಮತ್ತೆ ನಾವುಂಟು, ಮೂರು ಲೋಕವುಂಟು. ನಾನು ನಾಲ್ಕಕ್ಷರ ಕಲಿತದ್ದು ಊರಿನಲ್ಲಲ್ಲ, ಕುಲಶೇಖರದಲ್ಲಿದ್ದ ದೊಡ್ಡಮ್ಮನ ಮನೆಯಲ್ಲಿ ನಿಂತು. ಅಲ್ಲಿಂದಲೇ ಮಾಸ್ತರಿಕೆಯ ಟ್ರೈನಿಂಗ್ ಪಾಸು ಮಾಡಿದೆ. ಪಾಸಾದ ಮರುವರ್ಷ ಮದುವೆ. ಕಲಿತದ್ದೆಲ್ಲ ಅಡುಗೆಮನೆಯ ಹೊಗೆಗೆ ಕಪ್ಪಾಗುತ್ತಿತ್ತು. ತವರಿನಲ್ಲಿ ನನ್ನ ತಂಗಿಯ ಮಗಳು, ಅವಳ ವಾರಿಗೆಯ ಒಂದು ಹಿಂಡು ಹುಡುಗಿಯರು, ಅಕ್ಷರದ ಮುಖ ನೋಡದೆ ದನ ಅಟ್ಟಿಕೊಂಡು ಬೆಳೆಯುತ್ತಿದ್ದರು. ಅಲ್ಲಿಗೆ ಶಾಲೆ ಬಂದರೆ ನಾನೇ ಟೀಚರು. ಅಳಿಯಕಟ್ಟಿನ, ಅಂದರೆ ತಾಯಿಯ ಕಡೆಯಿಂದ ಮನೆತನ ನಡೆಯುವ ನಮ್ಮಲ್ಲಿ ಹೆಣ್ಣು ತವರಲ್ಲಿ ಇರುವುದೇನೂ ಹೊಸತಲ್ಲ. ಶನಿವಾರ ಸಂಜೆ ಗಂಡ ಬಂದು ಹೋದರೆ ಸಾಕು. ಮಾಸ್ಟ್ರೂ ಮೊದಲಿಗೆ "ಆಗಲಿ, ನೋಡುವ" ಎಂದಿದ್ದರು. ನನ್ನ ಜೀವ ಆ ಒಂದು ಮಾತಿಗೆ ಜೋತುಬಿದ್ದಿತ್ತು.

ಇನ್ನು ಅವರ ಸಂಶೋಧನೆಯ ಚಂದ ಹೇಳುತ್ತೇನೆ. ಬೇಸಿಗೆ ರಜೆಯಲ್ಲಿ ಕೋಟು, ರುಮಾಲು, ಕೊಡೆ, ಡಬ್ಬಿ ಸಮೇತ ಹೊರಟರು. ಸರಪಳಿ ಹಿಡಿದು ಅಳೆಯುವುದಾ? ಛೆ, ಅದು ಕೂಲಿಗಳ ಕೆಲಸವಂತೆ. "ಜನರ ಬಾಯಿಂದ ಬರುವುದೇ ನಿಜವಾದ ಮಾನವ ಭೂಗೋಳ. ಇಂಗ್ಲಿಷ್ ಪುಸ್ತಕದಲ್ಲಿ ಉಂಟು" ಎಂದರು. ಜನ ಎಂದರೆ ಯಾವ ಜನ? ಚಾವಡಿಯಲ್ಲಿ ಕಾಲು ಚಾಚಿ ಕೂತು ಎಲೆ ಅಗಿಯುವ ಊರಿನ ಯಜಮಾನರು. ನನ್ನನ್ನೂ ಜೊತೆಗೆ ಕರೆದುಕೊಂಡರು, ಪ್ರೀತಿಯಿಂದಲ್ಲ. ಜನ ಎಂತ ತಿನ್ನುತ್ತಾರೆ ಎಂದು ಬರೆಯಬೇಕು, ಅದಕ್ಕೆ ಅಡುಗೆಮನೆಯ ಒಳಗೆ ಹೋಗಬೇಕು, ಗಂಡಸರು ಹೋಗುವ ಹಾಗಿಲ್ಲ. ಹಾಗೆ ನಾನು ಭೂಗೋಳದ ಅಡುಗೆಮನೆ ಇಲಾಖೆಗೆ ಸೇರಿದೆ.

ಮೊದಲ ದಿನ ಬೆಳಿಗ್ಗೆ ಕೊಟ್ಟಾರದ ಮಾರ್ಗದ ಬದಿಯಲ್ಲಿ ನಿಂತು ಹೋಗುವವರನ್ನೆಲ್ಲ ತಡೆದು, "ನೀವು ಎಲ್ಲಿಗೆ ಹೋಗುವುದು?" ಎಂದು ಕೇಳತೊಡಗಿದರು. ಯಾವ ಊರಿನವರು ಯಾವ ಸಂತೆಗೆ ಹೋಗುತ್ತಾರೆ ಎಂದು ತಿಳಿಯಲಿಕ್ಕಂತೆ. ಹೊರಟವರನ್ನು ಎಲ್ಲಿಗೆ ಎಂದು ಕೇಳಿದರೆ ಹೋದ ಕೆಲಸ ಕೆಡುತ್ತದೆ ಎಂದು ನಮ್ಮಲ್ಲಿ ಯಾರಿಗೆ ಗೊತ್ತಿಲ್ಲ? ಕೇಳಲೇಬೇಕಾದರೆ "ದೂರವಾ?" ಎನ್ನುತ್ತಾರೆ ಅಷ್ಟೆ. ಇವರ ಪ್ರಶ್ನೆ ಕಿವಿಗೆ ಬಿದ್ದದ್ದೇ ತಡ, ಒಬ್ಬೊಬ್ಬರೇ ಮುಖ ಗಂಟು ಹಾಕಿಕೊಂಡು ವಾಪಸ್ಸು ಮನೆಗೆ ಹೋಗಿ, ಕೂತು, ನೀರು ಕುಡಿದು, ಮತ್ತೆ ಹೊರಟರು. ಅಳಿಯನಿಗೆ ಹೆಣ್ಣು ನೋಡಲು ಹೊರಟಿದ್ದ ಒಬ್ಬ ಮುದುಕರು ಬೆತ್ತ ಎತ್ತಿದರು. "ನಿಮ್ಮ ಬಾಯಿಗೆ ಬೇರೆ ಮಾತು ಸಿಗಲಿಲ್ವಾ ಮಾರಾಯ್ರೆ? ಇನ್ನು ಆ ಸಂಬಂಧ ಕೂಡಿ ಬರ್ತದಾ?" ಮಾಸ್ಟ್ರು ಕೊಡೆ ಬಿಚ್ಚಿ ಅದರ ಹಿಂದೆ ಅಡಗಿದರು. ಮಾನವ ಭೂಗೋಳದ ಮೊದಲ ಅಧ್ಯಾಯ ಅಲ್ಲಿಗೆ ಮುಗಿಯಿತು.

ಮಾರ್ಗದಲ್ಲಿ ಆಗದು ಎಂದಾದ ಮೇಲೆ ಮನೆಗಳಿಗೆ ಹೋದೆವು. ಕೂಳೂರಿನ ಹೊಳೆ ದೋಣಿಯಲ್ಲಿ ದಾಟಿ, ಸುರತ್ಕಲ್ ಕಡೆಗೆ ಹೋಗುವ ದಾರಿಯಲ್ಲಿ ಒಂದು ದೊಡ್ಡ ಗುತ್ತಿನ ಮನೆ. ಗುತ್ತು ಎಂದರೆ ಊರಿಗೆ ಯಜಮಾನಿಕೆ ಇದ್ದ ಮನೆತನ. ಗಾಡಿ ಮಾರ್ಗಕ್ಕೆ ತಾಗಿಯೇ ಅಂಗಳ. ಬೆಲ್ಲ ನೀರು ಬಂತು, ವೀಳ್ಯ ಬಂತು. ಮಾಸ್ಟ್ರು ಗಂಟಲು ಸರಿಮಾಡಿಕೊಂಡು, "ಇಲ್ಲಿಂದ ಹತ್ತಿರದ ಶಾಲೆಗೆ ಎಷ್ಟು ದೂರ?" ಎಂದು ಕೇಳಿದರು.

"ಅಯ್ಯೋ, ಶಾಲೆಯಾ? ಅದು ಭಾರಿ ದೂರ ಮಾಸ್ಟ್ರೇ" ಎಂದರು ಗುತ್ತಿನ ಯಜಮಾನರು. "ಈ ಬಿಸಿಲಿಗೆ ನಿಮ್ಮಿಂದ ಆಗ್ಲಿಕ್ಕಿಲ್ಲ. ಊಟ ಮಾಡಿ, ಸ್ವಲ್ಪ ಅಡ್ಡ ಆಗಿ, ಮತ್ತೆ ನೋಡುವ."

ಅಷ್ಟರಲ್ಲಿ ನಾನು ಒಳಗಿದ್ದೆ. ಅಲ್ಲಿ ಕೋಳಿ ಕೊಯ್ದು ಆಗಿತ್ತು, ಅರೆಯುವ ಕಲ್ಲಿನ ಮೇಲೆ ಮೆಣಸು ತೆಂಗಿನಕಾಯಿ ತಿರುಗುತ್ತಿತ್ತು, ಡಬ್ಬದಿಂದ ರೊಟ್ಟಿ ಹೊರಗೆ ಬಂದಿತ್ತು. ಮನೆಯೊಡತಿ ಕೆಲಸದವಳನ್ನು ಬಾಗಿಲಿಗೆ ಅಟ್ಟುತ್ತಿದ್ದರು. "ಹೋಗಿ ಯಜಮಾನ್ರಿಗೆ ಹೇಳು, ಎಲ್ಲ ದೂರ ಅಂತ ಹೇಳ್ಬೇಕಂತೆ. ಕೋಳಿ ಕೊಯ್ದ ಮೇಲೆ ನೆಂಟರು ಎದ್ದು ಹೋದ್ರೆ ನಮ್ಮ ಮರ್ಯಾದೆ ಎಂತ ಉಳೀತದೆ?" ಅವರು ಹಾಗೆ ಹೇಳುತ್ತಿದ್ದಂತೆ ಹಿತ್ತಿಲ ಆಚೆಯಿಂದ ಡಣ್ ಡಣ್ ಎಂದಿತು. ಅದೆಂತ ಗಂಟೆ ಎಂದು ಕೇಳಿದೆ. "ಶಾಲೆಯದ್ದು. ರಜೆಯಲ್ಲಿಯೂ ಪೋಕರಿ ಮಕ್ಕಳು ಬಂದು ಬಾರಿಸಿ ಓಡ್ತಾರೆ" ಎಂದರು ಮನೆಯೊಡತಿ, ಸಹಜವಾಗಿ.

ಅವರದ್ದು ತಪ್ಪು ಎಂದು ನಾನು ಹೇಳುವುದಿಲ್ಲ. ನಮ್ಮ ಕಡೆ ದೂರ ಎನ್ನುವುದು ನೆಲದ ಮಾತಲ್ಲ, ನೆಂಟನ ಮಾತು. ನೆಂಟ ನಿಲ್ಲಬೇಕು ಎಂದಾದರೆ ಎಲ್ಲವೂ ದೂರ. ಹೋಗಬೇಕು ಎಂದಾದರೆ ಎಲ್ಲವೂ ಇಲ್ಲೇ. ಹಾಲು ಕುಡಿಯುವ ಪ್ರಾಯದಿಂದ ಇದನ್ನು ಕೇಳಿಯೇ ಬೆಳೆದವರು ನಾವು. ಬೆಳೆದೂ ತಿಳಿಯದವರು ಒಬ್ಬರು ಮಾತ್ರ, ಅವರಿಗೆ ತಾಲೂಕಿನ ಭೂಗೋಳ ಬರೆಯಲಿಕ್ಕೆ ಕೊಟ್ಟಿದ್ದರು.

ಕೋಳಿ ರೊಟ್ಟಿ ತಿಂದು ಬೆವರೊರೆಸಿಕೊಳ್ಳುತ್ತಾ ಮಾಸ್ಟ್ರು "ಅತಿ ದೂರ" ಎಂದು ಬರೆದುಕೊಂಡರು. ಆ ಊರಿನ ಜನರ ಮುಖ್ಯ ಆಹಾರ ಕೋಳಿ ಎಂದೂ ಬರೆದುಕೊಂಡರು. ಗುತ್ತಿನ ಒಕ್ಕಲುಗಳು ಅಂಗಳದ ಕೊನೆಯಲ್ಲಿ ಗಂಜಿಗೆ ಉಪ್ಪಿನಕಾಯಿಯ ಹೋಳು ನೆಕ್ಕುತ್ತಾ ಕೂತಿದ್ದರು. ಅವರು ಜನವಲ್ಲವೋ ಏನೋ.

ಅದೇ ದಾರಿಯಲ್ಲಿ ಇನ್ನೂ ಬಡಗಣಕ್ಕೆ ಹೋದರೆ ಕಡಲ ಬದಿಯಲ್ಲಿ ಇನ್ನೊಂದು ಮನೆ. ಅಲ್ಲಿನ ಯಜಮಾನರು ತೂಗುಮಂಚದಿಂದ ಏಳಲೂ ಇಲ್ಲ. ಒಳಗಿನ ಹೆಂಗಸು ನನ್ನನ್ನು ಕಂಡದ್ದೇ ಗಂಜಿಯ ಮಡಕೆಯನ್ನು ಬಾಗಿಲ ಸಂದಿಗೆ ಸರಿಸಿದಳು, ಪಾಪ, ತನ್ನ ಮಕ್ಕಳಿಗೆ ಅಷ್ಟೇ ಇತ್ತೋ ಏನೋ. "ಶಾಲೆಯಾ? ಎಂತ ದೂರ, ಇಲ್ಲೇ. ನೀವು ಎದ್ದರಾಯ್ತು, ಮುಟ್ಟಿದ ಹಾಗೇ!" ಎಂದರು ಯಜಮಾನರು. ಎದ್ದೆವು. ಹೊಯಿಗೆಯಲ್ಲಿ ಕಾಲು ಹೂತುಹೂತು ನಡೆದೆವು. ಮಾಸ್ಟ್ರ ಚಪ್ಪಲಿಯ ಬಾರು ಕಡಿಯಿತು, ನನ್ನ ನಾಲಿಗೆ ಅಂಗುಳಕ್ಕೆ ಅಂಟಿತು, ಶಾಲೆ ಮಾತ್ರ ಬರಲಿಲ್ಲ. ಕೊನೆಗೆ ಒಂದು ಹಲಸಿನ ಮರದಡಿ ಕೂತು ಅವರು "ಅತಿ ಸಮೀಪ" ಎಂದು ಬರೆಯುವುದನ್ನು ಕಂಡು ನನ್ನ ಮೈ ಉರಿದುಹೋಯಿತು.

"ಇಷ್ಟು ನಡೆದ ಮೇಲೂ ಸಮೀಪವಾ?"

"ನೀನು ಜೊತೆಗಿದ್ದದ್ದರಿಂದ ತಡವಾಯ್ತು. ಹೆಂಗಸರಿಗೆ ದೂರ ಅಂದ್ರೆ ಕಾಲು ನೋವು. ಊರಿನ ಯಜಮಾನ ಸುಳ್ಳು ಹೇಳ್ತಾನಾ?"

ಗುತ್ತಿನ ಅಡುಗೆಮನೆಯಲ್ಲಿ ಕೇಳಿದ್ದನ್ನೆಲ್ಲ ಹೇಳಿದೆ. ಕೋಳಿಯ ವಿಷಯ ಹೇಳಿದೆ, ಗಂಟೆಯ ವಿಷಯ ಹೇಳಿದೆ. "ಹೆಂಗಸರ ಪಟ್ಟಾಂಗ" ಎಂದು ಕೈ ಕೊಡವಿದರು. ನನ್ನನ್ನು ಅಡುಗೆಮನೆಗೆ ಕಳಿಸಿದ್ದು ಯಾರು ಎಂದು ಕೇಳಬೇಕಿತ್ತು.

ಹೀಗೆ ಬೇಸಿಗೆಯಿಡೀ ತಿರುಗಿದೆವು. ಉಣ್ಣಿಸಿದ ಊರುಗಳು ದೂರ ಹೋದವು, ಉಣ್ಣಿಸದ ಊರುಗಳು ಹತ್ತಿರ ಬಂದವು. ನಾನು ಬೈದುಕೊಂಡರೂ ಒಳಗೊಳಗೆ ಒಂದು ಧೈರ್ಯವಿತ್ತು. ಕೊನೆಗೆ ನನ್ನ ತವರಿಗೆ ಹೋಗಲಿಕ್ಕಿತ್ತು. ಮನೆಯ ಅಳಿಯ ಬಂದರೆ ನಮ್ಮವರು ಬಿಡುತ್ತಾರಾ? ದೂರ, ಬಹಳ ದೂರ, ಇವತ್ತು ಹೋಗಲಿಕ್ಕೇ ಆಗದು ಎನ್ನುತ್ತಾರೆ. ಬೇರೆ ಕಡೆ ಸುಳ್ಳಾದರೂ ಅಲ್ಲಿ ಅದು ನಿಜವೇ. ಇವರ ಮಡ್ಡತನದಿಂದ ನನಗಾದರೂ ಒಂದು ಉಪಕಾರವಾಗಲಿ ಎಂದು ಲೆಕ್ಕ ಹಾಕಿದ್ದೆ.

ತವರಿನ ಯಜಮಾನರು ನನ್ನ ತಮ್ಮಲೆ, ಅಂದರೆ ಸೋದರಮಾವ. ಕುಲಶೇಖರದ ಮಾರ್ಗಕ್ಕೆ ಎತ್ತಿನ ಗಾಡಿ ಕಳಿಸಿದ್ದರು. ಗಾಡಿಯಲ್ಲಿ ಬೈಹುಲ್ಲಿನ ಮೇಲೆ ಚಾಪೆ, ಚಾಪೆಯ ಮೇಲೆ ತಲೆದಿಂಬು. ಪದವಿನ ಬುಡ ಮುಟ್ಟುವ ಮೊದಲೇ ಮಾಸ್ಟ್ರ ಗೊರಕೆ ಶುರುವಾಯಿತು. ಪದವು ಹತ್ತಿದ್ದು ಅವರಿಗೆ ಗೊತ್ತಿಲ್ಲ, ಇಳಿದದ್ದು ಗೊತ್ತಿಲ್ಲ, ಬೇಸಿಗೆಗೆ ಬತ್ತಿದ್ದ ಹೊಳೆಯ ಕಲ್ಲುಗಳ ಮೇಲೆ ಗಾಡಿ ಕುಲುಕಿದ್ದೂ ಗೊತ್ತಿಲ್ಲ. ಅಂಗಳದಲ್ಲಿ ಎಬ್ಬಿಸಿದಾಗ ಕಣ್ಣುಜ್ಜಿಕೊಂಡು, "ಇಷ್ಟು ಬೇಗ ಬಂದ್ವಾ?" ಎಂದರು.

ತಮ್ಮಲೆಯ ಮುಖ ಅರಳಿತು. ಅದಕ್ಕೊಂದು ಕಾರಣವಿತ್ತು. ನಮ್ಮ ಮದುವೆಯ ದಿನ ದಿಬ್ಬಣದವರು ಕೆಸರು ಮೆತ್ತಿಕೊಂಡು ಹೊತ್ತು ಮೀರಿ ಬಂದಾಗ, ಮಾಸ್ಟ್ರ ಕಡೆಯ ಹಿರಿಯರೊಬ್ಬರು ಚಪ್ಪರದ ನಡುವೆ ನಿಂತು, "ಹೆಣ್ಣು ತರ್ಲಿಕ್ಕೆ ಘಟ್ಟ ಹತ್ತಿದ ಹಾಗಾಯ್ತು ಮಾರಾಯ್ರೆ, ಇದೆಂತ ಊರಾ ಕಾಡಾ?" ಎಂದು ಎಲ್ಲರಿಗೆ ಕೇಳುವ ಹಾಗೆ ಅಂದಿದ್ದರು. ಆ ಮಾತು ತಮ್ಮಲೆಯ ಎದೆಗೆ ಮುಳ್ಳಿನ ಹಾಗೆ ಚುಚ್ಚಿ ಅಲ್ಲಿಯೇ ನಿಂತಿತ್ತು. ನನಗದು ಮರೆತೇಹೋಗಿತ್ತು. ಅವರು ಮರೆತಿರಲಿಲ್ಲ.

"ಎಂತ ದೂರ ಮಾಸ್ಟ್ರೇ" ಎಂದರು ತಮ್ಮಲೆ, ಕೇಳುವ ಮೊದಲೇ. "ಇಲ್ಲಿಂದ ಪೇಟೆ ಅಂದ್ರೆ ಒಂದು ಕೂಗಿನಷ್ಟು. ನಾವು ಪೇಟೆಯವರೇ ಅಂತ ಹೇಳ್ಬಹುದು."

ನಾನು ಬಾಗಿಲಲ್ಲೇ ನಿಂತಿದ್ದೆ. ತಡೆಯಲಾಗಲಿಲ್ಲ. "ಎಂತ ತಮ್ಮಲೆ ಹೇಳುದು ನೀವು? ಸಂಕ ಕೊಚ್ಚಿ ಹೋದ ವರ್ಷ ಉಪ್ಪು ತರ್ಲಿಕ್ಕೂ ಆಚೆ ಹೋಗ್ಲಿಕ್ಕಾಗದೆ ಕೂತದ್ದು ಯಾರು?"

ತಮ್ಮಲೆಯ ಕಣ್ಣು ಕೆಂಪಾಯಿತು. "ಗಂಡಸರು ಮಾತಾಡುವಲ್ಲಿ ನಿನಗೆಂತ ಕೆಲಸ? ಒಳಗೆ ಹೋಗು." ಅಮ್ಮ ಬಂದು ನನ್ನ ರಟ್ಟೆ ಹಿಡಿದು ಎಳೆದುಕೊಂಡು ಹೋದರು. "ಅಳಿಯನ ಎದುರಿಗೆ ಊರನ್ನು ಕಾಡು ಮಾಡ್ತೀಯಲ್ಲ, ನಿನಗೆ ತಲೆ ಸರಿ ಉಂಟಾ?" ಎಂದರು. ನಾನು ಶಾಲೆಯ ವಿಷಯ ಹೇಳಿದೆ, ಟೀಚರು ಕೆಲಸದ ವಿಷಯ ಹೇಳಿದೆ. ತಂಗಿಯ ಮಗಳು ಅಮ್ಮನ ಸೆರಗು ಹಿಡಿದು ಕೇಳುತ್ತಿತ್ತು. ಶಾಲೆ ಎಂಬ ಶಬ್ದ ಕಿವಿಗೆ ಬಿದ್ದದ್ದೇ ಅದರ ಕಣ್ಣು ಅಗಲವಾಯಿತು.

ಮಾರನೆಯ ಬೆಳಿಗ್ಗೆ ಮಾಸ್ಟ್ರು ಸ್ನಾನಕ್ಕೆ ಹೋದಾಗ ತಮ್ಮಲೆಯನ್ನು ಹಟ್ಟಿಯ ಹತ್ತಿರ ಹಿಡಿದೆ. ದೂರ ಎಂದು ಹೇಳಿದರೆ ಶಾಲೆ ಬರುತ್ತದೆ, ನಿಮ್ಮ ಸೋದರಸೊಸೆ ನಾನೇ ಕಲಿಸುತ್ತೇನೆ, ನಿಮ್ಮ ಮೊಮ್ಮಕ್ಕಳೇ ಕಲಿಯುತ್ತಾರೆ, ಒಂದು ಮಾತು ನಿಜ ಹೇಳಿ ಎಂದು ಕೈಮುಗಿದೆ. ತಮ್ಮಲೆ ಕರುವಿನ ಕತ್ತು ತುರಿಸಿದರು. "ಅದಕ್ಕಾಗಿ ನಮ್ಮ ಊರು ಕಾಡು ಅಂತ ಅಚ್ಚಾಗ್ಬೇಕಾ? ಲೋಕವೆಲ್ಲ ಓದುವ ಪುಸ್ತಕ ಅದು. ಶಾಲೆ ಇವತ್ತಲ್ಲದಿದ್ರೆ ಮುಂದಿನ ವರ್ಷ ಬರ್ತದೆ" ಎಂದರು. ನನಗೆ ಅಲ್ಲಿಯೇ ಅಳು ಬಂತು. ಸಿಟ್ಟಿನ ಅಳು.

ಹಿಂದಿರುಗುವಾಗ ಗಾಡಿಯಲ್ಲಿ ಮಾಸ್ಟ್ರನ್ನು ನಿದ್ದೆ ಮಾಡಲು ಬಿಡಲಿಲ್ಲ. "ನೋಡಿ, ಇದು ಹೊಳೆ. ನೋಡಿ, ಇದು ಪದವು. ಕಣ್ಣು ತೆರೆದು ನೋಡಿ" ಎಂದು ದಾರಿಯುದ್ದಕ್ಕೂ ತಿವಿಯುತ್ತಾ ಬಂದೆ. ನೋಡಿದರು. ನೋಡಿ, ಗಂಭೀರವಾಗಿ, "ಸ್ವಲ್ಪ ದೂರವೇ ಹೌದು" ಎಂದರು. ನನಗೆ ಜೀವ ಬಂತು. ಒಡನೆಯೇ ಮುಂದಿನ ಮಾತು ಬಂತು. "ಆದರೆ ಬರೆಯುವ ಹಾಗಿಲ್ಲ. ಮಾಸ್ಟ್ರು ಹೆಂಡತಿಯ ಮಾತು ಕೇಳಿ ಹೆಂಡತಿಯ ತವರಿಗೆ ಶಾಲೆ ಕೊಡಿಸಿದ್ರು ಅಂತ ಜನ ಹೇಳ್ಲಿಕ್ಕಾ? ಮನೆಯ ಯಜಮಾನರೇ ಹತ್ತಿರ ಅಂದ ಮೇಲೆ ನಾನು ದೂರ ಅಂದ್ರೆ ಅವರಿಗೂ ಅವಮಾನ." ಕಣ್ಣಾರೆ ಕಂಡದ್ದನ್ನು ಬರೆಯಬಾರದು, ಕಿವಿಯಾರೆ ಕೇಳಿದ್ದನ್ನು ಬರೆಯಬೇಕು! ಇಂಥ ವಿದ್ಯೆಗೆ ಇವರು ಮದರಾಸಿಗೆ ಹೋಗಿ ಕಲಿತು ಬಂದದ್ದು. ಗಾಡಿಯಿಂದ ಇಳಿದು ನಡೆದೆ. ಅವರು ಕರೆಯುತ್ತಿದ್ದರು, ನಾನು ಗಾಡಿಯ ಮುಂದಿನಿಂದಲೇ ಕುಲಶೇಖರದವರೆಗೆ ನಡೆದೆ.

ಪುಸ್ತಕ ಅಚ್ಚಾಯಿತು. ಬೋರ್ಡಿನವರು ಅದನ್ನು ನೋಡಿ, ಶಾಲೆಯಿಂದ ಅತಿ ದೂರವಿರುವ ಊರು ಎಂದು ಆ ಗುತ್ತಿನ ಮನೆಯ ಊರಿಗೇ ಹೆಣ್ಣುಮಕ್ಕಳ ಶಾಲೆ ಕೊಟ್ಟರು. ಒಂದು ಶಾಲೆಯ ಗಂಟೆ ಇನ್ನೊಂದು ಶಾಲೆಗೆ ಕೇಳುತ್ತಿತ್ತು. ಗುತ್ತಿನ ಹುಡುಗಿಯರು ಪೇಟೆಯಲ್ಲಿ ಕಲಿಯುತ್ತಿದ್ದರು, ಒಕ್ಕಲುಗಳ ಹುಡುಗಿಯರು ಗದ್ದೆಯಲ್ಲಿ ನೇಜಿ ನೆಡುತ್ತಿದ್ದರು. ಹೊಸ ಕಟ್ಟಡದಲ್ಲಿ ಗುತ್ತಿನ ಭತ್ತದ ಮುಡಿಗಳೇ ಹೆಚ್ಚು ದಿನ ಹಾಜರಿದ್ದವು ಎಂದು ಕೇಳಿದ್ದೇನೆ. ಮಾಸ್ಟ್ರಿಗೆ ಶಾಲು ಹೊದಿಸಿದರು.

ಆ ಶಾಲು ಹೊದ್ದುಕೊಂಡೇ ಅವರು ನನ್ನ ಜೊತೆ ತವರಿಗೆ ಬಂದರು, ಪುಸ್ತಕ ಕೊಡಲಿಕ್ಕೆ. ತಮ್ಮಲೆಯ ಸಂಭ್ರಮ ಹೇಳಿ ಪ್ರಯೋಜನವಿಲ್ಲ. ನೆರೆಮನೆಯವರನ್ನು ಕರೆಸಿದ್ದರು, ಚಾವಡಿಗೆ ಚಾಪೆ ಹಾಸಿದ್ದರು. ಪುಸ್ತಕವನ್ನು ಎರಡು ಕೈಯಿಂದ ತೆಗೆದುಕೊಂಡು ಕಣ್ಣಿಗೊತ್ತಿಕೊಂಡರು. ಓದುವವರು ಯಾರು? ತಮ್ಮಲೆಗೆ ರುಜು ಹಾಕುವಷ್ಟು ಬರುತ್ತಿತ್ತು. ನೆರೆದ ಹೆಂಗಸರಲ್ಲಿ, ಹುಡುಗಿಯರಲ್ಲಿ ಒಬ್ಬರಿಗೂ ಓದು ಬಾರದು. ಮಾಸ್ಟ್ರು ತಾವು ಬರೆದದ್ದನ್ನು ತಾವೇ ಓದುವುದು ಗೌರವವಲ್ಲ ಎಂದು ಗೋಡೆಗೆ ಒರಗಿದ್ದರು.

"ನೀನೇ ಓದು" ಎಂದು ತಮ್ಮಲೆ ಪುಸ್ತಕವನ್ನು ನನ್ನ ಕೈಗೆ ಕೊಟ್ಟರು. "ಜೋರಾಗಿ ಓದು, ಎಲ್ಲರಿಗೆ ಕೇಳ್ಬೇಕು."

ಓದಿದೆ. "ಈ ಊರು ಪೇಟೆಗೆ ಅತಿ ಸಮೀಪದಲ್ಲಿದೆ. ಇಲ್ಲಿನ ಮಕ್ಕಳಿಗೆ ಪೇಟೆಯ ಶಾಲೆಗಳು ಅನುಕೂಲವಾಗಿವೆ." ಕನ್ನಡದಲ್ಲಿ ಓದಿದ್ದನ್ನು ತುಳುವಿನಲ್ಲಿ ಹೇಳಿದೆ. ಚಾವಡಿಯಲ್ಲಿ ಕೂತವರೆಲ್ಲ ತಲೆಯಾಡಿಸಿದರು. ತಮ್ಮಲೆ ಎಲ್ಲರ ಮುಖವನ್ನೂ ಒಮ್ಮೆ ನೋಡಿ ಮೀಸೆ ಸರಿಮಾಡಿಕೊಂಡರು.

ತಂಗಿಯ ಮಗಳು ಎದ್ದು ಬಂದು ನನ್ನ ಮೊಣಕಾಲು ಹಿಡಿಯಿತು. "ದೊಡ್ಡಮ್ಮ, ಅಷ್ಟು ಹತ್ತಿರವಾದ್ರೆ ನಾನು ನಾಳೆಯಿಂದ ಪೇಟೆ ಶಾಲೆಗೆ ಹೋಗ್ಬಹುದಾ?"

ನಾನು ಬಾಯಿ ತೆರೆಯುವ ಮೊದಲೇ ತಮ್ಮಲೆ ಗಟ್ಟಿಯಾಗಿ ನಕ್ಕರು. ಮಗುವನ್ನು ಎಳೆದು ತೊಡೆಯ ಮೇಲೆ ಕೂರಿಸಿಕೊಂಡು, ತುಂಬ ಪ್ರೀತಿಯಿಂದ ಅದರ ತಲೆ ಸವರಿದರು.

"ನಿನಗೆ ಮರುಳಾ ಮಾರಾಯ್ತಿ? ಹೆಣ್ಣುಮಕ್ಕಳನ್ನು ಅಷ್ಟು ದೂರ ಯಾರಾದ್ರೂ ಕಳಿಸ್ತಾರಾ?"